ಅಂಗೈಯೊಳಗಿನ ಅಂಗಡಿ: ಮೊಬೈಲ್ ಆ್ಯಪ್‌ನ ಪರದೆ ಹೇಗಿರಬೇಕು?

ಹತ್ತು ವರ್ಷಗಳ ಹಿಂದೆ ಕಲಬುರಗಿಯ ವರ್ತಕರ ಮುಂದಿದ್ದ ಪ್ರಶ್ನೆ, ತಮ್ಮ ವ್ಯಾಪಾರಕ್ಕೆ ಮೊಬೈಲ್ ಆ್ಯಪ್ ಬೇಕೇ ಬೇಡವೇ ಎಂಬುದಾಗಿತ್ತು. ಇಂದು ನೆಹರೂ ಗಂಜಿನ ಬೇಳೆ ಮಿಲ್ಲಿನ ಮಾಲೀಕರಿಂದ ಹಿಡಿದು ಕಮಲಾಪುರದ ಕೆಂಪು ಬಾಳೆಯ ವ್ಯಾಪಾರಿಯವರೆಗೆ ಎಲ್ಲರೂ ಒಂದಲ್ಲ ಒಂದು ಆ್ಯಪನ್ನು ಬಳಸುತ್ತಲೇ ಇದ್ದಾರೆ. ಕೆಲವರು ತಮ್ಮದೇ ಆ್ಯಪ್ ಮಾಡಿಸುವ ಆಲೋಚನೆಯಲ್ಲಿಯೂ ಇದ್ದಾರೆ. ಆ್ಯಪ್ ತಯಾರಿಸುವವರು ಮೊದಲ ಭೇಟಿಯಲ್ಲಿ ತೋರಿಸುವುದು ಬಣ್ಣ, ಚಿತ್ರ ಮತ್ತು ಚಲನೆಯನ್ನು. ಮಾಲೀಕರು ಮೆಚ್ಚಿ ತಲೆಯಾಡಿಸುತ್ತಾರೆ, ಮುಂಗಡ ಹಣ ಸಂದಾಯವಾಗುತ್ತದೆ. ಆರು ತಿಂಗಳ ನಂತರ ಗಿರಾಕಿಗಳು ಆ್ಯಪ್ ಬಿಟ್ಟು ಮೊದಲಿನಂತೆ ಫೋನ್ ಮಾಡಿಯೇ ಮಾಲು ಕೇಳುತ್ತಿರುತ್ತಾರೆ.

ಇದಕ್ಕೆ ಕಾರಣ ಬಹುಪಾಲು ಸಂದರ್ಭಗಳಲ್ಲಿ ತಂತ್ರಾಂಶದ ದೋಷವಲ್ಲ, ಪರದೆಯ ದೋಷ. ಯಾವ ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಅದರ ಮೇಲೆ ಯಾವ ಮಾತು ಇರಬೇಕು, ತಪ್ಪಾದರೆ ಹಿಂದಿರುಗುವ ದಾರಿ ಯಾವುದು ಎಂಬ ನಿರ್ಧಾರಗಳ ಮೊತ್ತವನ್ನೇ ತಜ್ಞರು ಯೂಸರ್ ಇಂಟರ್‌ಫೇಸ್ ವಿನ್ಯಾಸ ಎನ್ನುತ್ತಾರೆ. ಇದು ಅಲಂಕಾರದ ವಿಷಯವೆಂದು ವರ್ತಕರು ಭಾವಿಸುವುದುಂಟು. ವಾಸ್ತವದಲ್ಲಿ ಇದು ಲೆಕ್ಕಪತ್ರದ ವಿಷಯ, ತೆರಿಗೆಯ ವಿಷಯ, ಈಚಿನ ವರ್ಷಗಳಲ್ಲಿ ಕಾನೂನಿನ ವಿಷಯವೂ ಆಗಿದೆ.

ತಪ್ಪು ಪರದೆಯ ಬೆಲೆ

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಬೇಳೆ ಮಿಲ್ಲಿಗೆ ಆ್ಯಪ್ ಮೂಲಕ ತಿಂಗಳಿಗೆ 400 ಆರ್ಡರುಗಳು ಬರುತ್ತವೆ ಎಂದುಕೊಳ್ಳಿ. ಪ್ರಮಾಣವನ್ನು ನಮೂದಿಸುವ ಜಾಗದಲ್ಲಿ ಕಿಲೋ ಮತ್ತು ಕ್ವಿಂಟಾಲ್ ಎರಡೂ ಚಿಕ್ಕ ಅಕ್ಷರಗಳಲ್ಲಿ ಅಕ್ಕಪಕ್ಕದಲ್ಲಿವೆ. ನೂರಕ್ಕೆ ಮೂರು ಆರ್ಡರುಗಳು ತಪ್ಪಾದರೂ ತಿಂಗಳಿಗೆ 12 ಆದವು. ಪ್ರತಿ ತಪ್ಪಿಗೂ ಮಾಲು ಹೋಗಿ ಬರುವ ಬಾಡಿಗೆ ಮತ್ತು ಹಮಾಲಿ ಸೇರಿ 600 ರೂಪಾಯಿ ಎಂದರೆ ತಿಂಗಳಿಗೆ 7,200 ರೂಪಾಯಿ, ವರ್ಷಕ್ಕೆ 86,400 ರೂಪಾಯಿ. ಈ ಹಣ ಲಾಭ-ನಷ್ಟದ ತಃಖ್ತೆಯಲ್ಲಿ 'ವಿನ್ಯಾಸದ ದೋಷ' ಎಂಬ ಹೆಸರಿನಲ್ಲಿ ಕಾಣಿಸದು. ಸಾಗಾಣಿಕೆ ವೆಚ್ಚದೊಳಗೆ ಅದು ಮೌನವಾಗಿ ಸೇರಿಹೋಗಿರುತ್ತದೆ. ಕೆಟ್ಟ ಗಿರಾಕಿ ಸಂಬಂಧಕ್ಕೆ ಈ ಲೆಕ್ಕದಲ್ಲಿ ಬೆಲೆಯನ್ನೇ ಕಟ್ಟಿಲ್ಲ.

ಅಂಕಿಯ ತಪ್ಪಿನ ವಿಷಯವನ್ನು ಈ ಭಾಗದ ವರ್ತಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆ ಸ್ಥಾಪನೆಯಾಗಿ ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ಆನ್‌ಲೈನ್ ಟೆಂಡರ್ ಪದ್ಧತಿ ಬಂದಾಗಿನಿಂದ, ಲಾಟಿನ ಎದುರು ದರವನ್ನು ಕೈಯಿಂದ ಒತ್ತುವ ಅಭ್ಯಾಸ ಖರೀದಿದಾರರಿಗೆ ಆಗಿದೆ. 2025–26ನೇ ಸಾಲಿಗೆ ಕೇಂದ್ರ ಸರ್ಕಾರವು ತೊಗರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಈ ಸಂಖ್ಯೆಯನ್ನು ಅಲ್ಪವಿರಾಮವಿಲ್ಲದೆ 8000 ಎಂದು ತೋರಿಸುವ ಪರದೆಯಲ್ಲಿ, ಇನ್ನೊಂದು ಸೊನ್ನೆ ಸೇರಿ 80000 ಆದರೂ ಅವಸರದ ಕಣ್ಣಿಗೆ ಥಟ್ಟನೆ ಹೊಳೆಯುವುದಿಲ್ಲ. 8,000 ಮತ್ತು 80,000 ಎಂದು ತೋರಿಸಿದರೆ ಹೊಳೆಯುತ್ತದೆ. ಕೆಳಗೆ 'ಎಂಬತ್ತು ಸಾವಿರ ರೂಪಾಯಿ' ಎಂದು ಅಕ್ಷರಗಳಲ್ಲಿಯೂ ಬಂದರೆ ತಪ್ಪಿಗೆ ಅವಕಾಶವೇ ಕಡಿಮೆ. ಚೆಕ್ಕಿನ ಮೇಲೆ ಮೊತ್ತವನ್ನು ಅಂಕಿ ಮತ್ತು ಅಕ್ಷರ ಎರಡರಲ್ಲಿಯೂ ಬರೆಸಿದ ಹಿರಿಯರು ಇಂಟರ್‌ಫೇಸ್ ಎಂಬ ಪದವನ್ನು ಕೇಳಿರಲಿಲ್ಲ, ಆದರೆ ವಿಷಯವನ್ನು ಬಲ್ಲವರಾಗಿದ್ದರು.

ಇದೇ ಸಂದರ್ಭದಲ್ಲಿ ಇನ್ನೊಂದು ಸಣ್ಣ ಎಚ್ಚರಿಕೆ. ವಿದೇಶಿ ಮಾದರಿಯ ಸಿದ್ಧ ತಂತ್ರಾಂಶಗಳಲ್ಲಿ ಒಂದು ಲಕ್ಷವು 100,000 ಎಂದು ಮುದ್ರಿತವಾಗುತ್ತದೆ. ನಮ್ಮ ಲಕ್ಷ-ಕೋಟಿಯ ಪದ್ಧತಿಯಲ್ಲಿ ಅದು 1,00,000 ಆಗಿರಬೇಕು. ಹಾಗೆಯೇ ದಿನಾಂಕದಲ್ಲಿ ತಿಂಗಳು ಮೊದಲು ಬರುವ ಅಮೆರಿಕದ ಪದ್ಧತಿ ಉಳಿದುಹೋಗಿದ್ದರೆ ಏಪ್ರಿಲ್ 3ರ ಬಿಲ್ಲು ಮಾರ್ಚ್ 4ರ ಬಿಲ್ಲಾಗಿ, ಹಿಂದಿನ ಆರ್ಥಿಕ ವರ್ಷಕ್ಕೇ ಹೋಗಿ ಕೂಡುತ್ತದೆ. ತಿಂಗಳನ್ನು ಹೆಸರಿನಿಂದ ತೋರಿಸುವುದು ಇದಕ್ಕೆ ಸುಲಭ ಪರಿಹಾರ.

ಬೆರಳು, ಬಿಸಿಲು ಮತ್ತು ಹೆಬ್ಬೆರಳು

1954ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಒಂದು ನಿಯಮವನ್ನು ಪ್ರತಿಪಾದಿಸಿದನು. ಗುರಿಯು ದೂರವಿದ್ದಷ್ಟೂ ಚಿಕ್ಕದಿದ್ದಷ್ಟೂ ಅದನ್ನು ತಲುಪಲು ಕೈಗೆ ಹೆಚ್ಚು ಸಮಯ ಬೇಕಾಗುತ್ತದೆ ಎಂಬುದು ಅದರ ಸಾರಾಂಶ. ಸ್ಪರ್ಶಪರದೆ ಹುಟ್ಟುವ ಮೊದಲಿನ ಈ ನಿಯಮವೇ ಇಂದು ಗುಂಡಿಯ ಗಾತ್ರವನ್ನು ನಿರ್ಧರಿಸುತ್ತಿದೆ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಸಂಸ್ಥೆ ಸೂಚಿಸಿರುವ ಕನಿಷ್ಠ ಅಳತೆ 48 ಡಿಪಿ, ಅಂದರೆ ಸುಮಾರು 9 ಮಿ.ಮೀ. ಆಪಲ್ ಸಂಸ್ಥೆಯ ಅಳತೆ 44 ಪಾಯಿಂಟ್. ದಿನವಿಡೀ ಚೀಲ ಎತ್ತಿಳಿಸುವ ಕೈಗೆ, ಬೇಳೆಯ ಧೂಳು ಮೆತ್ತಿದ ಬೆರಳಿಗೆ ಇದು ಕನಿಷ್ಠವೇ ಹೊರತು ಸಾಕಾಗುವಷ್ಟಲ್ಲ. ತಯಾರಕರು ಪರದೆಯನ್ನು ದೊಡ್ಡ ಕಂಪ್ಯೂಟರಿನಲ್ಲಿ ತೋರಿಸಿ ಒಪ್ಪಿಗೆ ಪಡೆಯುವುದುಂಟು. ಮಾಲೀಕರು ಹಾಗೆ ಒಪ್ಪತಕ್ಕದ್ದಲ್ಲ. ತಮ್ಮ ಗುಮಾಸ್ತನ ಬಳಿಯಿರುವ ಕಡಿಮೆ ಬೆಲೆಯ ಫೋನಿನಲ್ಲಿಯೇ ನೋಡಬೇಕು.

2013ರಲ್ಲಿ ಸ್ಟೀವನ್ ಹೂಬರ್ ಎಂಬ ವಿನ್ಯಾಸಕಾರರು ಸಾರ್ವಜನಿಕ ಸ್ಥಳಗಳಲ್ಲಿ 1,333 ಜನರನ್ನು ಗಮನಿಸಿ, ಪರದೆಯನ್ನು ಮುಟ್ಟಿ ಬಳಸುತ್ತಿದ್ದವರಲ್ಲಿ ಶೇಕಡ 49ರಷ್ಟು ಮಂದಿ ಫೋನನ್ನು ಒಂದೇ ಕೈಯಲ್ಲಿ ಹಿಡಿದು ಬಳಸುತ್ತಿದ್ದರೆಂದು ತಿಳಿಸಿದರು. ಅಂಗಡಿಕಾರನ ಇನ್ನೊಂದು ಕೈಯಲ್ಲಿ ತಕ್ಕಡಿಯೋ ಚೀಲವೋ ಇರುವುದರಿಂದ ನಮ್ಮ ಪೇಟೆಯಲ್ಲಿ ಒಂದೇ ಕೈಯ ಬಳಕೆ ಇನ್ನೂ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಮುಖ್ಯ ಗುಂಡಿ ಹೆಬ್ಬೆರಳಿಗೆ ಎಟಕುವಂತೆ ಪರದೆಯ ಕೆಳಭಾಗದಲ್ಲಿರುವುದು ಲೇಸು. ಅಳಿಸುವ, ರದ್ದುಪಡಿಸುವ ಗುಂಡಿಗಳು ಅದರ ಪಕ್ಕದಲ್ಲಿರಬಾರದು.

ಇನ್ನು ಬಿಸಿಲು. ಕಲಬುರಗಿ–ಹುಮನಾಬಾದ್ ರಸ್ತೆಯ ಬದಿಯಲ್ಲಿ ಕಮಲಾಪುರದಲ್ಲಿ ಬಾಳೆಹಣ್ಣು ಮಾರುವವರ ಫೋನಿನ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು ಬಿದ್ದಾಗ, ಬಿಳಿಯ ಮೇಲೆ ತೆಳು ಬೂದು ಬಣ್ಣದ ಅಕ್ಷರ ಓದಲು ಸಾಧ್ಯವೇ ಇಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ವಿನ್ಯಾಸ ಮಾಡುವವರಿಗೆ ಇದು ಹೊಳೆಯುವುದಿಲ್ಲ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂತಿಯ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದನ್ನು ಅಳೆಯುವ ಉಚಿತ ಸಾಧನಗಳೂ ದೊರೆಯುತ್ತವೆ. ಕೆಂಪು-ಹಸಿರು ಬಣ್ಣಗಳ ಭೇದವನ್ನು ಮಾತ್ರ ನಂಬುವುದೂ ಸರಿಯಲ್ಲ, ಏಕೆಂದರೆ ಕೆಲವರಿಗೆ, ವಿಶೇಷವಾಗಿ ಪುರುಷರಲ್ಲಿ, ಆ ಭೇದ ಹುಟ್ಟಿನಿಂದಲೇ ಸರಿಯಾಗಿ ಕಾಣುವುದಿಲ್ಲ. ಬಣ್ಣದೊಡನೆ ಮಾತೂ ಇರಬೇಕು.

ಪರದೆಯ ಮೂಲೆಯಲ್ಲಿರುವ ಮೂರು ಗೆರೆಗಳ ಚಿಹ್ನೆಯ ಬಗ್ಗೆಯೂ ಒಂದು ಮಾತು. 1981ರಲ್ಲಿ ಜೆರಾಕ್ಸ್ ಕಂಪನಿಯ ಸ್ಟಾರ್ ಎಂಬ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ರಚಿಸಿದ ಈ ಚಿಹ್ನೆ ಇಂದು ಎಲ್ಲ ಕಡೆ ಇದೆ. ಯುವಕರು ಅದನ್ನು ಒತ್ತುತ್ತಾರೆ. ಅರವತ್ತು ದಾಟಿದ ಕಿರಾಣಿ ವ್ಯಾಪಾರಿಗಳು ಅದನ್ನು ಅಲಂಕಾರವೆಂದೇ ತಿಳಿಯುತ್ತಾರೆ. ಬಾಕಿ, ಹಳೆಯ ಬಿಲ್ಲು, ಸಹಾಯ ಇವುಗಳನ್ನು ಆ ಗೆರೆಗಳ ಹಿಂದೆ ಬಚ್ಚಿಡುವುದಕ್ಕಿಂತ ಹೆಸರು ಬರೆದು ಎದುರಿಗೇ ಇಡುವುದು ಮೇಲು.

ಕನ್ನಡದ ಪರದೆ ಎಂದರೆ ಅನುವಾದವಲ್ಲ

ಈ ಭಾಗದಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವ ವಿಷಯವಿದು. ಇಂಗ್ಲಿಷಿನಲ್ಲಿ ಪರದೆಯನ್ನು ಸಿದ್ಧಪಡಿಸಿ, ಕೊನೆಯ ವಾರದಲ್ಲಿ ಯಂತ್ರದಿಂದ ಅನುವಾದಿಸಿ ಕನ್ನಡವೆಂದು ಕೊಡುವ ಪದ್ಧತಿ ಸಾಮಾನ್ಯವಾಗಿದೆ. ಅದರಿಂದ ಆಗುವ ತೊಂದರೆಗಳು ಒಂದೆರಡಲ್ಲ.

ಮೊದಲನೆಯದು ಲಿಪಿಯ ಎತ್ತರ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತ ಚಿಹ್ನೆಗಳು ಮೇಲಕ್ಕೇರುತ್ತವೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ 'ಮೊತ್ತ', 'ಒಟ್ಟು', 'ಪಟ್ಟಿ' ಎಂಬ ಪದಗಳ ಒತ್ತುಗಳು ಕತ್ತರಿಸಿಹೋಗುತ್ತವೆ. ಒತ್ತು ಕಾಣದಿದ್ದರೆ 'ಮೊತ್ತ' 'ಮೊತ' ಆಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚಿನ ಅಂತರ, ಗುಂಡಿಗೆ ಹೆಚ್ಚಿನ ಎತ್ತರ ಮತ್ತು ಅಗಲ ಬೇಕೆಂದು ಕರಾರಿನಲ್ಲಿಯೇ ಬರೆಸುವುದು ಒಳ್ಳೆಯದು.

ಎರಡನೆಯದು ವಿಭಕ್ತಿ ಪ್ರತ್ಯಯ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ ಒಂದು ಬಿಡಿ ಪದವನ್ನು ಇಟ್ಟರೆ ವಾಕ್ಯ ಸರಿಯಾಗುತ್ತದೆ. ಕನ್ನಡದಲ್ಲಿ ಪ್ರತ್ಯಯವು ಹೆಸರಿಗೇ ಅಂಟಬೇಕು. ತಂತ್ರಾಂಶವು ಎಲ್ಲ ಹೆಸರುಗಳಿಗೂ 'ಗೆ' ಸೇರಿಸುವುದರಿಂದ 'ಮಲ್ಲಿಕಾರ್ಜುನಗೆ 500 ಪಾವತಿಸಲಾಗಿದೆ' ಎಂಬಂಥ ವಾಕ್ಯಗಳು ಬರುತ್ತವೆ. ಹಿರಿಯ ವರ್ತಕರ ಹೆಸರು ಹೀಗೆ ಬಂದರೆ ಮರ್ಯಾದೆಯೂ ಹೋಯಿತು, ವ್ಯಾಕರಣವೂ ಹೋಯಿತು. ವಾಕ್ಯ ರಚಿಸುವ ಗೋಜಿಗೇ ಹೋಗದೆ 'ಪಡೆದವರು: ಮಲ್ಲಿಕಾರ್ಜುನ ಟ್ರೇಡರ್ಸ್', 'ಮೊತ್ತ: 500 ರೂ.' ಎಂದು ರಸೀದಿಯಂತೆ ಸಾಲುಸಾಲಾಗಿ ತೋರಿಸಿದರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ. ರಸೀದಿಯ ಈ ಪದ್ಧತಿ ವರ್ತಕರ ಕಣ್ಣಿಗೂ ಪರಿಚಿತವಾದದ್ದು.

ಮೂರನೆಯದು ಮಾತಿನ ಧಾಟಿ. 'ಸಲ್ಲಿಸು', 'ಮುಚ್ಚು', 'ಅಳಿಸು' ಎಂಬ ಏಕವಚನದ ಆಜ್ಞೆಗಳು ಕಂಪ್ಯೂಟರ್ ಕನ್ನಡದಲ್ಲಿ ರೂಢಿಯಾಗಿವೆ. ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿಯನ್ನು 'ಬರ್ರಿ, ಕೂಡ್ರಿ' ಎನ್ನುವ ಊರಿನಲ್ಲಿ ಅಂಗಡಿಯ ಆ್ಯಪ್ ಮಾತ್ರ ಗಿರಾಕಿಗೆ 'ಹಣ ಕೊಡು' ಎಂದು ಹೇಳುವುದು ವಿಚಿತ್ರವಾಗಿ ಕಾಣುತ್ತದೆ. 'ಆರ್ಡರ್ ಕಳಿಸಿ', 'ಹಣ ಪಾವತಿಸಿ' ಎಂದರೆ ಒಂದು ಅಕ್ಷರದ ವೆಚ್ಚದಲ್ಲಿ ಗೌರವ ದೊರೆಯಿತು. ಇದಕ್ಕಿಂತ ಅಪಾಯಕಾರಿಯಾದದ್ದು ದ್ವಂದ್ವಾರ್ಥ. 'ಈ ಆರ್ಡರನ್ನು ರದ್ದುಪಡಿಸಬೇಕೇ?' ಎಂಬ ಪ್ರಶ್ನೆಯ ಕೆಳಗೆ 'ಸರಿ' ಮತ್ತು 'ರದ್ದುಮಾಡು' ಎಂಬ ಎರಡು ಗುಂಡಿಗಳಿದ್ದರೆ ಯಾವುದನ್ನು ಒತ್ತಬೇಕು? ಎರಡನೆಯ ಗುಂಡಿಯು ಆರ್ಡರನ್ನು ರದ್ದುಮಾಡುವುದೋ, ಪ್ರಶ್ನೆಯನ್ನು ರದ್ದುಮಾಡುವುದೋ ತಿಳಿಯದು. 'ಆರ್ಡರ್ ಬೇಡ' ಮತ್ತು 'ಆರ್ಡರ್ ಇರಲಿ' ಎಂದು ಬರೆದರೆ ಗೊಂದಲವಿಲ್ಲ.

ಪದಗಳ ಆಯ್ಕೆಯಲ್ಲಿ ಪೇಟೆಯ ಮಾತೇ ಪ್ರಮಾಣ. 'ಉದ್ರಿ', 'ಬಾಕಿ', 'ಜಮಾ', 'ಖರ್ಚು' ಎಂದರೆ ಪ್ರತಿಯೊಬ್ಬ ಕಿರಾಣಿ ವ್ಯಾಪಾರಿಗೂ ಅರ್ಥವಾಗುತ್ತದೆ. ಬೆಂಗಳೂರಿನಿಂದ ಬೆಳೆದ ಖಾತಾಬುಕ್ ಎಂಬ ಉದ್ರಿ ಲೆಕ್ಕದ ಆ್ಯಪ್ ಡೆಬಿಟ್-ಕ್ರೆಡಿಟ್ ಪದಗಳನ್ನು ಮುಂದೆ ಮಾಡದೆ 'ನೀವು ಕೊಟ್ಟಿದ್ದು', 'ನೀವು ಪಡೆದಿದ್ದು' ಎಂಬ ಅರ್ಥದ ಎರಡೇ ಗುಂಡಿಗಳನ್ನು, ಒಂದು ಕೆಂಪು ಇನ್ನೊಂದು ಹಸಿರು ಬಣ್ಣದಲ್ಲಿ, ಇಟ್ಟಿತು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ಅಪೂರ್ಣವೆನ್ನಬಹುದು. ಆದರೆ ಕಿರ್ದಿ-ಖಾತೆ ಬರೆಯುವ ಅಂಗಡಿಕಾರ ಮನಸ್ಸಿನಲ್ಲಿ ಮಾಡುವ ವಿಭಾಗ ಇದೇ. ಬಣ್ಣದ ಜೊತೆ ಮಾತೂ ಇದೆ ಎಂಬುದನ್ನು ಗಮನಿಸಬೇಕು.

ಕಲಬುರಗಿಯ ಪೇಟೆಯಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಭಾಷೆಗಳನ್ನಾಡುವವರೂ ಇದ್ದಾರೆ. ಖರೀದಿದಾರರು ಸೊಲ್ಲಾಪುರದಲ್ಲಿಯೂ ಹೈದರಾಬಾದಿನಲ್ಲಿಯೂ ಇರುತ್ತಾರೆ. ಹುಡುಕುವ ಜಾಗದಲ್ಲಿ ತೊಗರಿ, ತುರ್, ತುವರ್, ಅರಹರ್, ಕಂದಿ ಯಾವುದನ್ನು ಬರೆದರೂ ಒಂದೇ ಮಾಲು ಸಿಗಬೇಕು. ಇನ್ನೊಂದು ಪ್ರಾಯೋಗಿಕ ತೊಂದರೆ: ಬಹಳಷ್ಟು ವರ್ತಕರ ದರಪಟ್ಟಿಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಆ್ಯಪಿಗೆ ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಈ ಪರಿವರ್ತನೆಯ ಕೆಲಸ ಯಾರದು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ರೊಟ್ಟಿ, ಬಾಳೆ, ಬೇಳೆ: ಮೂರು ಮಾಲು, ಮೂರು ಪರದೆ

ಕಲಬುರಗಿಯ ಮಹಿಳೆಯರು ಸಹಕಾರ ಸಂಘದ ಮೂಲಕ ತಯಾರಿಸುವ ಜೋಳದ ರೊಟ್ಟಿಯನ್ನು 2025ರ ಜೂನ್ 29ರಂದು ಪ್ರಧಾನಿಯವರು ತಮ್ಮ ಮನ್ ಕೀ ಬಾತ್ ಬಾನುಲಿ ಭಾಷಣದಲ್ಲಿ ಪ್ರಸ್ತಾಪಿಸಿದರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿಗಳು ತಯಾರಾಗುತ್ತಿದ್ದು, ಬೆಂಗಳೂರಿನಲ್ಲಿ ವಿಶೇಷ ಕೌಂಟರ್ ತೆರೆದಿರುವುದನ್ನೂ ಆನ್‌ಲೈನ್ ವೇದಿಕೆಗಳಿಂದ ಆರ್ಡರ್ ಬರುತ್ತಿರುವುದನ್ನೂ ಅವರು ಹೇಳಿದರು. ಇಂಥ ಮಾಲಿಗೆ ಪರದೆ ಹೇಗಿರಬೇಕೆಂದು ಯೋಚಿಸಿದರೆ ವಿನ್ಯಾಸದ ಅರ್ಥ ಸ್ಪಷ್ಟವಾಗುತ್ತದೆ. ರೊಟ್ಟಿಯನ್ನು ಎಣಿಸಿ ಮಾರುತ್ತಾರೆ, ತೂಗಿ ಅಲ್ಲ. ಆದ್ದರಿಂದ ಪರದೆಯಲ್ಲಿ 10, 25, 50 ಎಂಬ ಸಿದ್ಧ ಗುಂಡಿಗಳಿದ್ದರೆ ಅಂಕಿ ಒತ್ತುವ ಕೆಲಸವೇ ಇಲ್ಲ. ಮೆತ್ತನೆಯ ರೊಟ್ಟಿಯೋ ಖಡಕ್ ರೊಟ್ಟಿಯೋ ಎಂಬುದು ಎರಡನೆಯ ಆಯ್ಕೆ. ಎರಡರ ಬಾಳಿಕೆ ಬೇರೆಯಾದ್ದರಿಂದ ತಲುಪಿಸುವ ದಿನವೂ ಬೇರೆ. ಯಾವ ಹೊತ್ತಿನೊಳಗೆ ಆರ್ಡರ್ ಬಂದರೆ ಯಾವ ದಿನ ಸಿಗುತ್ತದೆ ಎಂಬುದನ್ನು ಹಣ ಕೊಡುವ ಮುನ್ನವೇ ತೋರಿಸಬೇಕು. ತಟ್ಟುವ ಕೈಗಳ ಸಾಮರ್ಥ್ಯಕ್ಕೆ ಮಿತಿಯಿದೆ. ಆ ದಿನದ ಮಿತಿ ಮುಗಿದೊಡನೆ ಪರದೆಯು 'ನಾಳೆಗೆ ಕೊಡಬಹುದು' ಎನ್ನಬೇಕೇ ಹೊರತು ಆರ್ಡರ್ ಪಡೆದು ನಂತರ ಕ್ಷಮೆ ಕೇಳಬಾರದು.

ಭೌಗೋಳಿಕ ಸೂಚ್ಯಂಕ ಪಡೆದಿರುವ ಕಮಲಾಪುರದ ಕೆಂಪು ಬಾಳೆಯ ಸ್ಥಿತಿ ಬೇರೆ. ಅದು ಬೇಗ ಹಣ್ಣಾಗುವ, ಪೆಟ್ಟು ತಾಳದ ಸರಕು. ಡಜನ್ನೋ, ಚಿಪ್ಪೋ, ಇಡೀ ಗೊನೆಯೋ ಎಂಬ ಅಳತೆಯನ್ನು ಚಿತ್ರದ ಸಹಿತ ತೋರಿಸಬೇಕು, ಏಕೆಂದರೆ ಹೊರ ಊರಿನ ಗಿರಾಕಿಗೆ ಚಿಪ್ಪೆಂದರೆ ಎಷ್ಟು ಹಣ್ಣೆಂಬ ಅಂದಾಜು ಇರದು. 'ಇಂದೇ ತಿನ್ನಲು', 'ಮೂರು ದಿನಕ್ಕೆ' ಎಂಬ ಮಾತಿನಲ್ಲಿ ಪಕ್ವತೆಯ ಆಯ್ಕೆ ಕೇಳಿದರೆ ಗಿರಾಕಿ ಕಂಡ ಹಣ್ಣು, ಪಡೆದ ಹಣ್ಣು ಒಂದೇ ಆಗಿರುತ್ತದೆ.

ತೊಗರಿ ಬೇಳೆಯಲ್ಲಿ ಇಬ್ಬರು ಗಿರಾಕಿಗಳಿದ್ದಾರೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತ ನಂತರ ಒಂದೆರಡು ಕಿಲೋ ಕೊಳ್ಳುವ ದೂರದ ಗೃಹಸ್ಥರೂ ಕಲಬುರಗಿಯ ಬೇಳೆಯನ್ನು ಹೆಸರು ಹಿಡಿದು ಕೇಳುತ್ತಾರೆ. ಸಗಟು ಖರೀದಿದಾರರು ಕ್ವಿಂಟಾಲಿನ ಲೆಕ್ಕದಲ್ಲಿ ಕೇಳುತ್ತಾರೆ. ಇಬ್ಬರಿಗೂ ಒಂದೇ ಪರದೆಯನ್ನು ತೋರಿಸುವುದೇ ಮೇಲೆ ಹೇಳಿದ ಕಿಲೋ-ಕ್ವಿಂಟಾಲ್ ಗೊಂದಲದ ಮೂಲ. ಪ್ರವೇಶದಲ್ಲಿಯೇ 'ಮನೆಗೆ' ಮತ್ತು 'ಅಂಗಡಿಗೆ' ಎಂದು ದಾರಿ ಬೇರೆ ಮಾಡುವುದು ಸೂಕ್ತ. ಅಂಗಡಿಯ ದಾರಿಯಲ್ಲಿ ಹೋದವರಿಗೆ ಕಳೆದ ಬಾರಿಯ ಆರ್ಡರನ್ನೇ ಮೊದಲು ತೋರಿಸಿ 'ಇದೇ ಮತ್ತೆ ಕಳಿಸಿ' ಎಂಬ ಒಂದು ಗುಂಡಿಯಿಟ್ಟರೆ ಬಹುಪಾಲು ವ್ಯವಹಾರ ಅಲ್ಲಿಯೇ ಮುಗಿಯುತ್ತದೆ.

ಹದಿನೈದು ಅಕ್ಷರಗಳ ಪೆಟ್ಟಿಗೆ

ಸಗಟು ಆರ್ಡರಿನ ಪರದೆಯಲ್ಲಿ ಅತ್ಯಂತ ಬೆಲೆಯುಳ್ಳ ಜಾಗವೆಂದರೆ ಖರೀದಿದಾರನ ಜಿಎಸ್‌ಟಿ ಸಂಖ್ಯೆಯನ್ನು ಬರೆಯುವ ಪೆಟ್ಟಿಗೆ. ಹದಿನೈದು ಅಕ್ಷರಗಳ ಈ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಮುಂದಿನ ಹತ್ತು ಪ್ಯಾನ್, ಹದಿಮೂರನೆಯದು ಅದೇ ಪ್ಯಾನಿನಲ್ಲಿ ಆ ರಾಜ್ಯದಲ್ಲಿರುವ ನೋಂದಣಿಯ ಕ್ರಮ, ಹದಿನಾಲ್ಕನೆಯದು ಸಾಮಾನ್ಯವಾಗಿ 'ಝಡ್', ಕೊನೆಯದು ತಾಳೆ ನೋಡುವ ಅಕ್ಷರ. ಒಂದು ಅಕ್ಷರ ತಪ್ಪಾದರೂ ಕೊನೆಯ ಅಕ್ಷರ ತಾಳೆಯಾಗದ ಕಾರಣ, ತಪ್ಪನ್ನು ಪರದೆಯೇ ಆ ಕ್ಷಣದಲ್ಲಿ ಹಿಡಿಯಬಲ್ಲದು. ಹೀಗಿದ್ದರೂ ಅನೇಕ ಆ್ಯಪ್‌ಗಳು ಇದನ್ನು ಒಂದು ಸಾಮಾನ್ಯ ಬರವಣಿಗೆಯ ಪೆಟ್ಟಿಗೆಯಾಗಿಯೇ ಬಿಟ್ಟಿವೆ.

ಪರಿಣಾಮವನ್ನು ನೋಡಿ. ಮಾಲು ಹೋಯಿತು, ತೆರಿಗೆ ಕಟ್ಟಲಾಯಿತು, ಆದರೆ ಸಂಖ್ಯೆ ತಪ್ಪಿದ್ದರಿಂದ ಬಿಲ್ಲು ಖರೀದಿದಾರನ ಜಿಎಸ್‌ಟಿಆರ್-2ಬಿ ತಃಖ್ತೆಯಲ್ಲಿ ಕಾಣಿಸುವುದಿಲ್ಲ. ಅವನಿಗೆ ಹೂಡುವಳಿ ತೆರಿಗೆಯ ಜಮೆ ಸಿಗದು. ಅಷ್ಟು ಹಣವನ್ನು ಅವನು ಬಾಕಿಯಲ್ಲಿ ಮುರಿದುಕೊಳ್ಳುತ್ತಾನೆ. ತಿದ್ದುಪಡಿಗೆ ಕಾನೂನಿನಲ್ಲಿ ಅವಕಾಶವಿದೆಯಾದರೂ ಮುಂದಿನ ವರ್ಷದ ನವೆಂಬರ್ 30ರ ಗಡುವು ಮೀರಿದರೆ ಆ ಬಾಗಿಲೂ ಮುಚ್ಚುತ್ತದೆ. ರಾಜ್ಯದ ಸಂಕೇತವನ್ನು ಪರದೆಯು ಓದಿ ಹೇಳುವುದೂ ಅಷ್ಟೇ ಮುಖ್ಯ. 29 ಕರ್ನಾಟಕ, 27 ಮಹಾರಾಷ್ಟ್ರ, 36 ತೆಲಂಗಾಣ. ಸೊಲ್ಲಾಪುರಕ್ಕೆ ಕಳಿಸುವ ತೆರಿಗೆಗೊಳಪಡುವ ಮಾಲಿಗೆ ಐಜಿಎಸ್‌ಟಿ ಹಾಕಬೇಕಾದಲ್ಲಿ ಗುಮಾಸ್ತನು ಪಟ್ಟಿಯಿಂದ ತಪ್ಪಾಗಿ ಕೇಂದ್ರ-ರಾಜ್ಯ ತೆರಿಗೆಯನ್ನು ಆರಿಸಿದರೆ, ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಿ ಮೊದಲು ಕಟ್ಟಿದ್ದನ್ನು ಮರುಪಾವತಿಯಾಗಿ ಕೇಳಬೇಕಾಗುತ್ತದೆ. ಆಯ್ಕೆಯನ್ನು ಗುಮಾಸ್ತನಿಗೆ ಬಿಡದೆ, ಸಂಖ್ಯೆ ನಮೂದಾದೊಡನೆ 'ಮಹಾರಾಷ್ಟ್ರ – ಐಜಿಎಸ್‌ಟಿ' ಎಂದು ಪರದೆಯೇ ತೋರಿಸಿದರೆ ಸಾಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ, ಈ ಪೆಟ್ಟಿಗೆಯ ತಪ್ಪು ಮಾಲು ಹೊರಡುವ ಹೊತ್ತಿನಲ್ಲಿಯೇ ಲಾರಿಯನ್ನು ನಿಲ್ಲಿಸಬಹುದು.

ಅಳಿಸುವ ಗುಂಡಿಯ ಬಗ್ಗೆ ಕಂಪನಿಗಳು ವಿಶೇಷ ಎಚ್ಚರ ವಹಿಸಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮವಿದೆ. ಆರ್ಡರ್ ಆ್ಯಪಿನಿಂದ ಬಿಲ್ಲುಗಳು ನೇರವಾಗಿ ಪುಸ್ತಕಕ್ಕೆ ಸೇರುವುದಾದರೆ, ಗುರುತಿಲ್ಲದೆ ಅಳಿಸುವ ಸೌಲಭ್ಯ ಅನುಕೂಲವಲ್ಲ, ಆಪತ್ತು.

ಹಣ ಪಾವತಿಯ ಪರದೆ ಕಲಿಸಿದ ಪಾಠಗಳು

2016ರಲ್ಲಿ ಯುಪಿಐ ಬಂದ ಮೇಲೆ ಸಾಮಾನ್ಯ ಜನ ಅತಿ ಹೆಚ್ಚು ಬಳಸಿದ ಪರದೆ ಹಣ ಪಾವತಿಯದು. ಅದರಲ್ಲಿ ಆದ ಬದಲಾವಣೆಗಳು ಇತರ ಆ್ಯಪ್‌ಗಳಿಗೂ ಪಾಠವಾಗಿವೆ. ಹಣ ಕೇಳುವ ಕೋರಿಕೆಯೊಂದು ಪರದೆಗೆ ಬಂದಾಗ, ಪಿನ್ ಒತ್ತಿದರೆ ತಮಗೆ ಹಣ ಬರುತ್ತದೆಂದು ತಿಳಿದು ಮೋಸಹೋದವರು ಅನೇಕರು. ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಯನ್ನೇ ನಿಲ್ಲಿಸಿತು. ಅದೇ ವರ್ಷದ ಜೂನ್ 30ರಿಂದ, ಹಣ ಪಡೆಯುವವರ ಹೆಸರು ಬ್ಯಾಂಕ್ ಖಾತೆಯಲ್ಲಿರುವಂತೆಯೇ ಪಾವತಿಗೆ ಮುನ್ನ ಕಾಣಬೇಕೆಂಬ ನಿಯಮವೂ ಬಂದಿತು. ಅಂಗಡಿಯ ಹೆಸರು ಒಂದು, ಖಾತೆಯ ಹೆಸರು ಇನ್ನೊಂದು ಇರುವ ವರ್ತಕರು ಇದರಿಂದ ಗಿರಾಕಿ ಗಾಬರಿಯಾಗದಂತೆ ತಮ್ಮ ಫಲಕದಲ್ಲಿ ಎರಡನ್ನೂ ಬರೆದಿಡುವುದು ಲೇಸು.

2019ರಲ್ಲಿ ಪೇಟಿಎಂ ಹೊರತಂದ ಧ್ವನಿಪೆಟ್ಟಿಗೆ ಇನ್ನೊಂದು ಪಾಠ. ಸೂಪರ್ ಮಾರ್ಕೆಟ್ಟಿನ ದಟ್ಟಣೆಯಲ್ಲಿ ವ್ಯಾಪಾರಿಗೆ ಬೇಕಾದದ್ದು ಇನ್ನೊಂದು ಪರದೆಯಲ್ಲ, 'ಹಣ ಬಂದಿತು' ಎಂಬ ಒಂದು ಮಾತು. ಪರದೆಯನ್ನು ತೆಗೆದುಹಾಕುವುದೇ ಕೆಲವೊಮ್ಮೆ ಉತ್ತಮ ಪರದೆ ವಿನ್ಯಾಸ.

ಆದರೆ ಧ್ವನಿಪೆಟ್ಟಿಗೆ ಹೇಳುವ ಒಟ್ಟು ಮೊತ್ತವೇ ವಹಿವಾಟಿನ ಮೊತ್ತವಲ್ಲ. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ ಎದ್ದ ಕಳವಳ ಎಲ್ಲರಿಗೂ ನೆನಪಿದೆ. ಸರಕಿನ ವ್ಯಾಪಾರದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಬೇಕು. ಆದರೆ ಹಲವರ ಖಾತೆಯಲ್ಲಿ ಮನೆಯ ಹಣ, ಕೈಸಾಲ, ತೆರಿಗೆ ವಿನಾಯಿತಿಯಿರುವ ಹಾಲು-ಹಣ್ಣು-ತರಕಾರಿಯ ಹಣ ಎಲ್ಲವೂ ಒಂದೇ ಪಟ್ಟಿಯಲ್ಲಿತ್ತು. ಬೇರ್ಪಡಿಸಿ ತೋರಿಸಲು ದಾಖಲೆಯಿರಲಿಲ್ಲ. ಪ್ರತಿ ಜಮೆಯ ಎದುರು 'ವ್ಯಾಪಾರ' ಅಥವಾ 'ಸ್ವಂತ' ಎಂದು ಗುರುತಿಸುವ ಸಣ್ಣ ಗುಂಡಿಯಿದ್ದು, ದಿನದ ಕೊನೆಗೆ ಎರಡರ ಮೊತ್ತ ಬೇರೆಬೇರೆಯಾಗಿ ಕಂಡರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಮತ್ತು ಪ್ರತ್ಯೇಕ ಕ್ಯೂಆರ್ ಫಲಕವಿದ್ದರೆ ಇನ್ನೂ ಒಳ್ಳೆಯದು.

ಕಾನೂನು ಪರದೆಯೊಳಗೆ ಬಂದಿದೆ

2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಗಿರಾಕಿಯ ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿದ ಚೌಕದ ಮೂಲಕ ಪಡೆಯುವಂತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗಿರಾಕಿಯನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪರದೆಯಲ್ಲಿ ಹೊಸ ಶುಲ್ಕ ಹೊರಬರುವುದು ಇವು ಅವುಗಳಲ್ಲಿ ಸೇರಿವೆ. 2025ರ ಜೂನ್‌ನಲ್ಲಿ ಇ-ವಾಣಿಜ್ಯ ಸಂಸ್ಥೆಗಳು ತಮ್ಮ ಪರದೆಗಳನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕೆಂಬ ಸೂಚನೆಯೂ ಹೊರಟಿತು. ಸಿದ್ಧ ಮಾದರಿಗಳನ್ನು ಕೊಂಡು ಆ್ಯಪ್ ಮಾಡಿಕೊಡುವವರ ಬಳಿ ಇಂಥ ತಂತ್ರಗಳು ಹೇಳದೆಯೇ ಸೇರಿಕೊಂಡಿರುತ್ತವೆ. ಹೊಣೆ ಮಾತ್ರ ಮಾಲೀಕರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಮಾಹಿತಿ ಪಡೆಯುವ ಮುನ್ನ ಕೊಡುವ ತಿಳುವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಗಿರಾಕಿಗೆ ಇರಬೇಕು. ಕನ್ನಡವೂ ಆ ಭಾಷೆಗಳಲ್ಲೊಂದು. ರೊಟ್ಟಿ ಮಾರುವ ಆ್ಯಪಿಗೆ ಗಿರಾಕಿಯ ಫೋನಿನಲ್ಲಿರುವ ಎಲ್ಲ ಹೆಸರುಗಳ ಪಟ್ಟಿ ಏಕೆ ಬೇಕು ಎಂದು ಮಾಲೀಕರೇ ಈಗ ಪ್ರಶ್ನಿಸಿಕೊಳ್ಳುವುದು ಉಚಿತ. ಪೊಟ್ಟಣದ ಮಾಲಾದರೆ ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದವನ್ನು ಪರದೆಯಲ್ಲಿಯೂ ತೋರಿಸಬೇಕೆಂಬ ಅಳತೆ ಮತ್ತು ತೂಕ ನಿಯಮವನ್ನು ಮರೆಯಲಾಗದು.

ಮಾಡಿಸುವ ಮುನ್ನ

ಎಲ್ಲ ವರ್ತಕರಿಗೂ ಸ್ವಂತ ಆ್ಯಪ್ ಬೇಕಾಗಿಲ್ಲ. ಇನ್ನೂರು ಖಾಯಂ ಗಿರಾಕಿಗಳಿರುವ ವ್ಯಾಪಾರಕ್ಕೆ 2018ರಿಂದ ಲಭ್ಯವಿರುವ ವಾಟ್ಸಾಪ್ ಬಿಸಿನೆಸ್ ಮತ್ತು ಅದರ ಸರಕು ಪಟ್ಟಿಯೇ ಸಾಕಾಗಬಹುದು. ಗಿರಾಕಿಗಳಿಗೆ ಅದರ ಪರದೆ ಈಗಾಗಲೇ ಗೊತ್ತು. ಕಲಿಸುವ ವೆಚ್ಚ ಶೂನ್ಯ. ಮಾಡಿಸಲೇಬೇಕೆಂದಿದ್ದರೆ ಮೊದಲು ಕಾಗದದ ಮೇಲೆ ಪರದೆಗಳನ್ನು ಬರೆದು ಜನರ ಕೈಗೆ ಕೊಟ್ಟು ನೋಡಬೇಕು. ಐದು ಜನರೊಂದಿಗೆ ಪರೀಕ್ಷಿಸಿದರೆ ಬಹುಪಾಲು ದೋಷಗಳು ಹೊರಬರುತ್ತವೆಂದು ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದರು. ಆ ಸಂಖ್ಯೆಯ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ, ಆದರೆ ಒಬ್ಬರೊಂದಿಗೂ ಪರೀಕ್ಷಿಸದಿರುವುದಕ್ಕಿಂತ ಐವರು ಖಂಡಿತ ಮೇಲು. ಐವರಲ್ಲಿ ಒಬ್ಬ ಹಿರಿಯ ಕಿರಾಣಿ ವ್ಯಾಪಾರಿ, ಒಬ್ಬ ಗುಮಾಸ್ತ, ಒಬ್ಬ ಗೃಹಿಣಿ, ಒಬ್ಬ ಸೊಲ್ಲಾಪುರದ ಖರೀದಿದಾರ ಮತ್ತು ಕನ್ನಡಕವಿಲ್ಲದೆ ಓದಲಾಗದ ಒಬ್ಬರಿರಲಿ. 'ಎರಡು ಕ್ವಿಂಟಾಲ್ ಬೇಳೆ ಕಳಿಸಿ' ಎಂದಷ್ಟೇ ಹೇಳಿ ಸುಮ್ಮನೆ ನೋಡಬೇಕು. ಬೆರಳು ಎಲ್ಲಿ ತಡೆಯುತ್ತದೆಯೋ ಅಲ್ಲಿ ದೋಷವಿದೆ. ಆ ಹೊತ್ತಿನಲ್ಲಿ ಸಹಾಯ ಮಾಡತಕ್ಕದ್ದಲ್ಲ.

ಕರಾರಿನ ಬಗ್ಗೆ ಎರಡು ಅಂಶಗಳು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ತಂತ್ರಾಂಶದ ಹಕ್ಕು ಮಾಲೀಕರಿಗೆ ಬರುತ್ತದೆಂದು ತಿಳಿಯಬಾರದು. ಅವಧಿಯನ್ನು ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದು ಭಾವಿಸುತ್ತದೆ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು. ಎರಡನೆಯದಾಗಿ, ಗೂಗಲ್ ಪ್ಲೇ ಖಾತೆಯನ್ನು ಒಮ್ಮೆ ಕಟ್ಟುವ 25 ಡಾಲರ್ ಶುಲ್ಕ ಕೊಟ್ಟು ತಮ್ಮ ಸಂಸ್ಥೆಯ ಹೆಸರಿನಲ್ಲಿಯೇ ತೆರೆಯಬೇಕು. ತಯಾರಕನ ಹೆಸರಿನಲ್ಲಿದ್ದರೆ, ಅವನೊಡನೆ ಮನಸ್ತಾಪ ಬಂದ ದಿನ ಆ್ಯಪ್ ಅವನ ಅಂಗಡಿಯಲ್ಲಿಯೇ ಉಳಿಯುತ್ತದೆ.

ಲೆಕ್ಕಪತ್ರದಲ್ಲಿ, ಹಲವು ವರ್ಷ ಉಪಯೋಗಕ್ಕೆ ಬರುವ ಆ್ಯಪಿನ ನಿರ್ಮಾಣ ವೆಚ್ಚವನ್ನು ಅಗೋಚರ ಆಸ್ತಿಯಾಗಿ ತೋರಿಸಬೇಕಾಗುತ್ತದೆ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಕಂಪ್ಯೂಟರ್ ತಂತ್ರಾಂಶಕ್ಕೆ ಶೇಕಡ 40ರ ಸವಕಳಿ ದರವಿತ್ತು. ವಾರ್ಷಿಕ ನಿರ್ವಹಣೆ, ಸರ್ವರ್ ಬಾಡಿಗೆ ಮತ್ತು ಸಣ್ಣಪುಟ್ಟ ತಿದ್ದುಪಡಿಗಳ ಹಣ ಆಯಾ ವರ್ಷದ ಖರ್ಚು. ಆದ್ದರಿಂದ ತಯಾರಕರಿಂದ ನಿರ್ಮಾಣಕ್ಕೆ ಒಂದು, ನಿರ್ವಹಣೆಗೆ ಇನ್ನೊಂದು ಬಿಲ್ಲನ್ನು ಮೊದಲ ವರ್ಷದಿಂದಲೇ ಬೇರೆಬೇರೆಯಾಗಿ ಪಡೆಯಬೇಕು. ಎರಡರಲ್ಲಿಯೂ ವರ್ತಕರ ಜಿಎಸ್‌ಟಿ ಸಂಖ್ಯೆಯ ಹದಿನೈದು ಅಕ್ಷರಗಳು ಸರಿಯಾಗಿವೆಯೇ ಎಂದು ಹಣ ಕೊಡುವ ಮೊದಲು ನೋಡಿಕೊಳ್ಳಬೇಕು.